ಕುಶಲರ ಹೆಸರುಗಳೂ ಶರಣರ ಕಾಯಕನಾಮಗಳೂ

ಶಿವಶರಣರ ನಾಮಾವಳಿಯನ್ನು ಭಕ್ತಿಯಿಂದ ಪಠಿಸುವ ರೂಢಿಯು ನಮ್ಮ ಮಠಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಒಂದೊಂದಾಗಿ ಉಚ್ಚರಿಸುತ್ತ ಹೋದಂತೆ, ಈ ಹೆಸರುಗಳ ಮೊದಲಲ್ಲಿರುವ ಪದವು ಅರಸನು ಕೊಟ್ಟ ಬಿರುದಲ್ಲ, ವಂಶದ ಹೊಗಳಿಕೆಯೂ ಅಲ್ಲ, ಕೈಯಿಂದ ಮಾಡುವ ಕೆಲಸದ ಹೆಸರು ಎಂಬ ಸಂಗತಿಯು ಲಕ್ಷ್ಯಕ್ಕೆ ಬರದೆ ಇರದು. ನಿತ್ಯವೂ ಕಿವಿಗೆ ಬೀಳುವದರಿಂದ ಇದರ ವಿಶೇಷವು ನಮಗೆ ತೋರುವದಿಲ್ಲ. ಒಂದು ಉದ್ಯೋಗದಲ್ಲಿಯೋ ಕಲೆಯಲ್ಲಿಯೋ ನುರಿತವನನ್ನು ಕನ್ನಡನಾಡಿನ ಜನರು ಯಾವ ಯಾವ ಕಾಲದಲ್ಲಿ ಏನೇನೆಂದು ಕರೆದರು, ಆ ಕರೆಯುವ ಮಾತಿನಲ್ಲಿ ಗೌರವವೆಷ್ಟಿತ್ತು, ಅದು ಎಲ್ಲಿ ಕುಂದಿತು, ಶರಣರು ಅದನ್ನು ಹೇಗೆ ಎತ್ತಿದರು ಎಂಬುದನ್ನು ಶ್ರೀಮಠದ ಮಹೋತ್ಸವದ ಈ ಶುಭಸಂದರ್ಭದಲ್ಲಿ ಭಕ್ತಮಹಾಶಯರ ಮುಂದೆ ಸಂಕ್ಷೇಪವಾಗಿ ನಿವೇದಿಸಬಯಸುತ್ತೇವೆ.

ಮೊದಲು ಅಚ್ಚಗನ್ನಡದ ಮಾತುಗಳನ್ನೇ ನೋಡೋಣ. ನಮ್ಮ ಭಾಷೆಯಲ್ಲಿ ‘ಬಲ್ಲ’ ಎಂಬುದೊಂದು ಚಿಕ್ಕ ಪದವಿದೆ. ‘ಅವನು ಈಜಬಲ್ಲ’ ಎಂದರೆ ಈಜುವ ಶಕ್ತಿಯುಳ್ಳವನು. ‘ಅವನು ಶಾಸ್ತ್ರ ಬಲ್ಲ’ ಎಂದರೆ ಶಾಸ್ತ್ರವನ್ನು ತಿಳಿದವನು. ಅರಿಯುವದಕ್ಕೂ ಮಾಡಲು ಸಮರ್ಥನಾಗುವದಕ್ಕೂ ನಮ್ಮ ಹಿರಿಯರು ಬೇರೆ ಬೇರೆ ಮಾತುಗಳನ್ನು ಹುಡುಕಲಿಲ್ಲ. ಎರಡನ್ನೂ ಒಂದೇ ಮಾತಿನಲ್ಲಿ ಹೇಳಿದರು. ‘ನುರಿತವನು’ ಎಂಬ ಮಾತೂ ಹೀಗೆಯೇ ವಿಚಾರಾರ್ಹವಾದುದು. ನುರಿಯುವದೆಂದರೆ ಅರೆಯಲ್ಪಟ್ಟು ಪುಡಿಯಾಗುವದು. ಕೆಲಸದ ಒರಳಿನಲ್ಲಿ ಬಿದ್ದು ಅರೆದುಹೋದವನೇ ನುರಿತವನು. ‘ಪಳಗಿದವನು’ ಎಂಬುದು ಬಳಕೆಯಿಂದ ಹದಕ್ಕೆ ಬಂದವನೆಂಬುದನ್ನು ಸೂಚಿಸುವದು. ಈ ಮೂರು ಮಾತುಗಳಲ್ಲಿ ಒಂದಾದರೂ ಹುಟ್ಟನ್ನು ಹೇಳುವದಿಲ್ಲ. ಮೂರೂ ಅಭ್ಯಾಸವನ್ನೇ ಹೇಳುವವು.

ಕಸಬುದಾರರ ಹೆಸರುಗಳನ್ನು ಕಟ್ಟಲು ಕನ್ನಡಕ್ಕೆ ತನ್ನವೇ ಆದ ಪ್ರತ್ಯಯಗಳುಂಟು. ಗಾಣದಿಂದ ಗಾಣಿಗ, ಮಡಿಯಿಂದ ಮಡಿವಳ, ಹಡಪದಿಂದ ಹಡಪವಳ, ಗುಡಿಯಿಂದ ಗುಡಿಗಾರ. ಹೆಂಗಸಾದರೆ ಸೂಲಗಿತ್ತಿ, ಹೂವಾಡಗಿತ್ತಿ. 13ನೆಯ ಶತಮಾನದ ವೈಯಾಕರಣನಾದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದ ತದ್ಧಿತ ಪ್ರಕರಣದಲ್ಲಿ ಇಂಥ ಪ್ರತ್ಯಯಗಳನ್ನು ವಿಚಾರಿಸಿದ್ದಾನೆ. ಸಂಸ್ಕೃತದಿಂದ ಪ್ರಾಕೃತದ ಮಾರ್ಗವಾಗಿ ಬಂದು ನಮ್ಮವೇ ಆದ ಹೆಸರುಗಳೂ ಅನೇಕವಿರುವವು. ಕರ್ಮಾರನು ಕಮ್ಮಾರನಾದನು, ಕುಂಭಕಾರನು ಕುಂಬಾರನಾದನು. ಚಿನ್ನದ ಕೆಲಸ ನಡೆಯುವ ಶಾಲೆಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಶಾಲಾ’ ಎಂಬ ಹೆಸರಿದೆ. ನಮ್ಮ ‘ಅಕ್ಕಸಾಲೆ’ಯನ್ನು ಆ ಪದಕ್ಕೆ ಸಂಬಂಧಿಸಿ ಹೇಳುವವರುಂಟು. ಹಾಗಿದ್ದ ಪಕ್ಷದಲ್ಲಿ ಮೊದಲು ಕೆಲಸ ಮಾಡುವ ಸ್ಥಳಕ್ಕಿದ್ದ ಹೆಸರು ತರುವಾಯ ಕೆಲಸ ಮಾಡುವ ಮನುಷ್ಯನಿಗೆ ಸಂದಿತೆಂದು ತಿಳಿಯಬೇಕು.

ಶಾಸನಗಳ ಕಡೆಗೆ ತಿರುಗಿದರೆ ಕುಶಲರಿಗೆ ಸಲ್ಲುತ್ತಿದ್ದ ಮನ್ನಣೆಯು ಕಲ್ಲಿನಲ್ಲಿಯೇ ಕಾಣುವದು. ಚಾಲುಕ್ಯ ಚಕ್ರವರ್ತಿ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯವೇ ಇಂದಿನ ವಿರೂಪಾಕ್ಷ ದೇವಾಲಯವು. ಅಲ್ಲಿಯ ಶಾಸನಗಳು ರಾಣಿಯ ಹೆಸರನ್ನು ಹೇಳಿ ಸುಮ್ಮನಾಗುವದಿಲ್ಲ. ಗುಂಡನೆಂಬ ಸೂತ್ರಧಾರಿಯನ್ನು ಹೆಸರಿಸಿ, ಅವನಿಗೆ ‘ತ್ರಿಭುವನಾಚಾರಿ’ ಎಂಬ ಹೆಸರು ಸಂದುದನ್ನು ಹೇಳುವವು. ಸರ್ವಸಿದ್ಧಿ ಆಚಾರಿಯೆಂಬ ಇನ್ನೊಬ್ಬನನ್ನೂ ಕೊಂಡಾಡುವವು. ಸೂತ್ರಧಾರಿಯೆಂದರೆ ಅಳತೆಯ ನೂಲನ್ನು ಕೈಯಲ್ಲಿ ಹಿಡಿದವನು. ಕಲ್ಲಿನ ಮೇಲೆ ನೂಲು ಹಿಡಿದು ಗೆರೆ ಹಾಕುವವನ ಈ ಹೆಸರೇ ನಾಟಕದ ರಂಗಸ್ಥಲದಲ್ಲಿಯೂ ಮುಖ್ಯಸ್ಥನಿಗೆ ಇರುವದು.

‘ಆಚಾರಿ’ ಎಂಬುದು ‘ಆಚಾರ್ಯ’ ಪದದ ತದ್ಭವವು. ಪೀಠದಲ್ಲಿ ಕುಳಿತು ಶಾಸ್ತ್ರವನ್ನು ಬೋಧಿಸುವವನು ಆಚಾರ್ಯ. ಉಳಿ ಹಿಡಿದು ಕಲ್ಲು ಕಂಡರಿಸುವವನು, ಬಾಚಿ ಹಿಡಿದು ಮರ ಕೆತ್ತುವವನು ಆಚಾರಿ. ‘ಓಜ’ ಎಂಬ ಮಾತಿನ ಕಥೆಯೂ ಇದೇ. ಇದು ‘ಉಪಾಧ್ಯಾಯ’ ಶಬ್ದವು ಸವೆದು ಆದ ರೂಪವೆಂದು ಬಲ್ಲವರ ಮತವು. ಹಳೆಯ ಕನ್ನಡದಲ್ಲಿ ಓಜನೆಂದರೆ ವಿದ್ಯೆ ಕಲಿಸುವ ಗುರು. ಅದೇ ಪದವು ಶಿಲ್ಪಿಗಳ ಹೆಸರಿನ ಕೊನೆಗೆ ಬಂದು ಸೇರುವದು. ಓದಿಸುವವನಿಗೂ ಕೆತ್ತುವವನಿಗೂ ಒಂದೇ ಹೆಸರು ಸಲ್ಲುತ್ತಿದ್ದ ಕಾಲವೊಂದು ಈ ನಾಡಿನಲ್ಲಿತ್ತೆಂಬುದನ್ನು ನಾವು ಮರೆಯಬಾರದು. ಶಿಲ್ಪಿಗೆ ಇನ್ನೊಂದು ಹೆಸರು ‘ರೂವಾರಿ’, ರೂಪಕಾರಿಯೇ ರೂವಾರಿಯಾದನು. ಕುಶಲನಿಗೆ ‘ಬಿನ್ನಾಣಿ’ ಎಂಬ ಮಾತೂ ಇದ್ದಿತು. ‘ವಿಜ್ಞಾನ’ವು ಕನ್ನಡದ ಬಾಯಲ್ಲಿ ‘ಬಿನ್ನಾಣ’ವಾಯಿತು, ಆದುದರಿಂದ ಬಿನ್ನಾಣಿಯೆಂದರೆ ವಿಜ್ಞಾನಿಯೇ ಸರಿ.

ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯದ ವಿಗ್ರಹಗಳ ಕೆಳಗೆ ರೂವಾರಿಗಳು ತಮ್ಮ ಹೆಸರುಗಳನ್ನು ಕೆತ್ತಿಟ್ಟಿರುವರು. ಅವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಪ್ರಸಿದ್ಧರು. ಮುಂದಿನ ಶತಮಾನದ ಮಲ್ಲಿತಮ್ಮನ ಹೆಸರು ಸೋಮನಾಥಪುರವೂ ಸೇರಿದಂತೆ ಹಲವು ಗುಡಿಗಳಲ್ಲಿ ದೊರೆಯುವದು. ಬೇಲೂರಿನ ರೂವಾರಿಗಳು ಪ್ರತಿಸ್ಪರ್ಧಿಗಳಾದ ಶಿಲ್ಪಿಗಳ ಗರ್ವವನ್ನು ಮುರಿಯುವವರೆಂಬ ಅರ್ಥದ ಬಿರುದುಗಳನ್ನು ಧರಿಸಿದ್ದರು. ಅರಸರು ರಣರಂಗದ ಬಿರುದುಗಳನ್ನು ಧರಿಸಿದ ಕಾಲದಲ್ಲಿ ಶಿಲ್ಪಿಗಳೂ ಉಳಿಯ ಬಿರುದುಗಳನ್ನು ಧರಿಸಿದುದು ಸಹಜವೇ.

ದಾಸೋಜನ ಊರಾದ ಬಳ್ಳಿಗಾವೆಯು ನಮಗೆ ಇನ್ನೊಂದು ಕಾರಣದಿಂದ ಪ್ರಿಯವಾದುದು. ಹರಿಹರ ಕವಿಯು ಪ್ರಭುದೇವರ ಜನ್ಮಸ್ಥಳವನ್ನಾಗಿ ಹೇಳುವದು ಈ ಊರನ್ನೇ. ಅಲ್ಲಿದ್ದ ಕೋಡಿಯಮಠವು ಕಾಳಾಮುಖ ಶೈವರದು. ನಮ್ಮ ಸಂಪ್ರದಾಯದ ಮಠವಲ್ಲ. ಆದರೆ 1162ರ ಶಾಸನವು ಆ ಮಠದ ವರ್ಣನೆಯನ್ನು ಮಾಡುವ ರೀತಿಯು ಮಠವೆಂಬುದು ಏನಾಗಿರಬೇಕೆಂಬುದಕ್ಕೆ ಇಂದಿಗೂ ದೃಷ್ಟಾಂತವಾಗಿದೆ. ಅದು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಸ್ಥಾನ. ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನ. ದೀನರಿಗೂ ಅಂಗವಿಕಲರಿಗೂ ಅನ್ನ ದೊರೆಯುವ ಸ್ಥಾನ. ಆ ಅನ್ನದಾನದ ಪಟ್ಟಿಯಲ್ಲಿ ಗಾಯಕರು, ವಾದಕರು, ನರ್ತಕರು ಮೊದಲಾದ ಕಲಾವಿದರೂ ಸೇರಿರುವರು. ಪಂಡಿತನಿಗೂ ರೋಗಿಗೂ ಕಲಾವಿದನಿಗೂ ಒಂದೇ ಮಠದ ಬಾಗಿಲು ತೆರೆದಿತ್ತು. ಬಹು ಕಾಲದ ತರುವಾಯವೂ ನಮ್ಮ ಹಳ್ಳಿಗಳಲ್ಲಿ ಅಕ್ಷರ ಕಲಿಸುವ ಶಾಲೆಗೆ ‘ಐಗಳ ಮಠ’, ‘ಕೂಲಿಮಠ’ ಎಂದೇ ಹೆಸರಿದ್ದುದನ್ನು ಹಿರಿಯರಿಂದ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ.

ಇನ್ನು ವಿದ್ವಾಂಸರನ್ನು ಹೊಗಳಲು ಬಳಸುವ ಸಂಸ್ಕೃತ ಪದಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಆಶ್ಚರ್ಯವಾಗುವದು. ‘ಕುಶಲ’ನೆಂದರೆ ಮೂಲದಲ್ಲಿ ಕೈಗೆ ಗಾಯವಾಗದಂತೆ ಕುಶವೆಂಬ ಹುಲ್ಲನ್ನು ಕೊಯ್ದು ತರಬಲ್ಲವನು ಎಂದು ಶಾಸ್ತ್ರಕಾರರು ವಿವರಿಸುವರು, ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ರೂಢಿಯಿಂದ ಬಂದ ಲಕ್ಷಣೆಗೆ ಈ ಪದವನ್ನೇ ಉದಾಹರಣೆಯಾಗಿ ಕೊಟ್ಟಿದ್ದಾನೆ. ‘ಪ್ರವೀಣ’ನೆಂದರೆ ವೀಣೆಯಲ್ಲಿ ಪಳಗಿದವನು. ‘ನಿಷ್ಣಾತ’ನೆಂದರೆ ಚೆನ್ನಾಗಿ ಮಿಂದವನು. ‘ಪಾರಂಗತ’ನೆಂದರೆ ಹೊಳೆಯ ಆಚೆಯ ದಡವನ್ನು ಮುಟ್ಟಿದವನು. ಹುಲ್ಲು ಕೊಯ್ಯುವವನು, ತಂತಿ ಮೀಟುವವನು, ನೀರಿಗಿಳಿಯುವವನು, ಹೊಳೆ ದಾಟುವವನು — ಇವರ ಶ್ರಮದಿಂದಲೇ ಪಂಡಿತನ ಪ್ರಶಸ್ತಿಗಳು ಹುಟ್ಟಿರುವವು. ಹೀಗಿರಲು ‘ಪಾರಂಗತ’ನೆಂದು ಒಬ್ಬನನ್ನು ಪೂಜಿಸಿ, ನಿತ್ಯವೂ ಜನರನ್ನು ಪಾರಗಾಣಿಸುವ ಅಂಬಿಗನನ್ನು ಕೀಳಾಗಿ ಕಾಣುವದು ಭಾಷೆಯ ದೃಷ್ಟಿಯಿಂದಲೂ ಅನ್ಯಾಯವೇ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು ಪದದ ಮೂಲಾರ್ಥದಲ್ಲಿಯೇ ‘ಕುಶಲ’ನಾಗಿದ್ದನೆಂದು ಹೇಳಿದರೆ ತಪ್ಪಾಗಲಾರದು.

ಇಂಥ ಅನ್ಯಾಯವು ಹೇಗೆ ಬೆಳೆಯಿತು? ಕೆಲಸದಿಂದ ಬಂದ ಹೆಸರು ಮಗನಿಗೆ, ಮೊಮ್ಮಗನಿಗೆ ಹುಟ್ಟಿನಿಂದಲೇ ಅಂಟತೊಡಗಿತು. ಕೆಲಸವನ್ನು ಹೇಳಲು ಹುಟ್ಟಿದ ಪದವು ಜಾತಿಯನ್ನು ಹೇಳುವದಾಯಿತು. ಆ ಬಳಿಕ ಜಾತಿಯ ಮೇಲುಕೀಳು ಪದಕ್ಕೂ ಅಂಟಿತು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಎದುರಿಸಿದುದು ಈ ಸ್ಥಿತಿಯನ್ನೇ. ಬಸವಣ್ಣನವರು ತಮ್ಮ ಒಂದು ಪ್ರಸಿದ್ಧ ವಚನದಲ್ಲಿ ಕುಲುಮೆಯ ಕೆಲಸ, ಬಟ್ಟೆ ಒಗೆಯುವ ಕೆಲಸ, ನೇಯುವ ಕೆಲಸ, ವೇದಾಧ್ಯಯನ ಇವೆಲ್ಲವನ್ನೂ ಒಂದೇ ಸಾಲಿನಲ್ಲಿರಿಸಿ, ಆಯಾ ಕೆಲಸವನ್ನು ಮಾಡಿದುದರಿಂದಲೇ ಆಯಾ ಹೆಸರು ಬಂದಿತೇ ಹೊರತು ಹುಟ್ಟಿನಿಂದಲ್ಲವೆಂದು ಪ್ರತಿಪಾದಿಸಿದರು. ಪದವನ್ನು ಅದರ ಮೂಲಾರ್ಥಕ್ಕೆ ಹಿಂದಿರುಗಿಸಿದ ಕಾರ್ಯವಿದು. ವೈಯಾಕರಣನು ಪ್ರತ್ಯಯದ ಅರ್ಥವನ್ನು ಸೂತ್ರದಲ್ಲಿ ಹೇಳಿದನು. ಬಸವಣ್ಣನವರು ಆ ಅರ್ಥದ ಮೇಲೆ ಸಮಾಜವನ್ನೇ ಕಟ್ಟಲು ಹೊರಟರು. ತಾವಾದರೂ ಬಿಜ್ಜಳನ ಭಂಡಾರಿಗಳಾಗಿದ್ದು, ‘ಭಂಡಾರಿ ಬಸವಣ್ಣ’ ಎಂದು ಉದ್ಯೋಗದ ಹೆಸರಿನಿಂದಲೇ ಕರೆಯಿಸಿಕೊಂಡರು.

ಶರಣರ ಕಾಯಕನಾಮಗಳ ಪಟ್ಟಿಯು ಎಷ್ಟು ವಿಶಾಲವಾದುದೆಂಬುದನ್ನು ನೋಡಿರಿ. ವೈದ್ಯ ಸಂಗಣ್ಣ, ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ಜೇಡರ ದಾಸಿಮಯ್ಯ, ಬಾಚಿಕಾಯಕದ ಬಸವಣ್ಣ, ಸೂಜಿಕಾಯಕದ ರಾಮಿತಂದೆ, ಸುಂಕದ ಬಂಕಣ್ಣ, ಕಿನ್ನರಿ ಬ್ರಹ್ಮಯ್ಯ, ಬಹುರೂಪಿ ಚೌಡಯ್ಯ, ನಗೆಯ ಮಾರಿತಂದೆ. ರೋಗ ಗುಣಪಡಿಸುವವನೂ ನಗಿಸುವವನೂ ಒಂದೇ ಸಾಲಿನಲ್ಲಿರುವರು. ಹೆಣ್ಣುಮಕ್ಕಳ ಹೆಸರುಗಳೂ ಹೀಗೆಯೇ: ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಚೆಲ್ಲಿದ ಅಕ್ಕಿಯನ್ನು ಆಯುವ ಆಯ್ದಕ್ಕಿ ಲಕ್ಕಮ್ಮ. ಅರಸನ ಶಾಸನದಲ್ಲಿ ಕೊಟ್ಟಣದ ಹೆಂಗಸಿನ ಹೆಸರು ಬರುವದುಂಟೇ? ಶರಣರ ಸಾಹಿತ್ಯದಲ್ಲಿ ಅದು ಪೂಜ್ಯವಾಗಿ ಬಂದಿದೆ. ರೆಮ್ಮವ್ವೆಯು ಒಂದು ವಚನದಲ್ಲಿ ತನ್ನ ಕುಲವನ್ನು ಹೇಳದೆ ತಾನು ತಿರುಗಿಸುವ ರಾಟೆಯ ಕುಲವನ್ನು ವಿವರಿಸುವಳು. ಅದರ ಒಂದೊಂದು ಅಂಗವನ್ನೂ ಒಬ್ಬೊಬ್ಬ ದೇವತೆಯೆಂದು ಕಾಣುವಳು. ಅಂಬಿಗರ ಚೌಡಯ್ಯನಂತೂ ಇಷ್ಟದೈವದ ಹೆಸರನ್ನು ಅಂಕಿತವಾಗಿಡದೆ, ಕಾಯಕದೊಡನೆ ಕೂಡಿದ ತನ್ನ ಹೆಸರನ್ನೇ ವಚನಗಳ ಅಂಕಿತವನ್ನಾಗಿ ಮಾಡಿಕೊಂಡನು.

ಬೇಲೂರಿನ ರೂವಾರಿಗಳ ಬಿರುದುಗಳಿಗೂ ಈ ಹೆಸರುಗಳಿಗೂ ಇರುವ ಅಂತರವು ಗಮನಿಸತಕ್ಕದ್ದು. ಬಿರುದಿಗೆ ಎದುರಾಳಿ ಬೇಕು, ಕಾಯಕನಾಮಕ್ಕೆ ಎದುರಾಳಿಯಿಲ್ಲ. ಮಾಚಯ್ಯನು ಮಡಿವಾಳರೊಳಗೆ ಶ್ರೇಷ್ಠನೆಂದು ಹೇಳಿಕೊಳ್ಳಲಿಲ್ಲ, ಮಡಿವಾಳನೆಂದಷ್ಟೇ ಹೇಳಿದನು. ಲೋಕವು ಕೀಳೆಂದ ಪದವನ್ನು ಬಚ್ಚಿಡದೆ ಹೆಸರಿನ ಮುಂದೆ ನಿಲ್ಲಿಸಿಕೊಂಡುದರಲ್ಲಿಯೇ ಅವರ ಧೈರ್ಯವಿದೆ. ಆ ಧೈರ್ಯಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹವೇ ಕಲ್ಯಾಣದ ವಿಪ್ಲವಕ್ಕೆ ಕಾರಣವಾಯಿತೆಂದೂ ಇಬ್ಬರು ತಂದೆಗಳೂ ಕ್ರೂರ ಮರಣವನ್ನು ಹೊಂದಿದರೆಂದೂ ನಮ್ಮ ಪುರಾಣಗಳು ಹೇಳುವವು. ಬಿಜ್ಜಳನ ಆಳಿಕೆಯು 1167ರಲ್ಲಿ ಕೊನೆಗೊಂಡಿತು, ಶರಣರು ಚೆದರಿದರು.

ಇಲ್ಲಿ ಒಂದು ಸಂದೇಹವು ಬರಬಹುದು. ಕೆಲಸದಲ್ಲಿ ನಿಪುಣನಾದ ಮಾತ್ರಕ್ಕೆ ಮನುಷ್ಯನು ಪೂಜ್ಯನಾಗುವನೇ? ಶರಣರು ಹಾಗೆ ಹೇಳಲಿಲ್ಲ. ಕನ್ನದ ಮಾರಿತಂದೆಯ ಹೆಸರಿನಲ್ಲಿರುವದು ಗೋಡೆಗೆ ಕನ್ನವಿಕ್ಕುವ ವಿದ್ಯೆ. ಕೈಚಳಕವೇ ಎಲ್ಲವೂ ಆಗಿದ್ದರೆ ಅದಕ್ಕಿಂತ ಹೆಚ್ಚಿನ ಕೈಚಳಕವು ಯಾವುದು? ಕುಶಲತೆಯು ಕೈಯ ಗುಣ. ಅದು ಕಾಯಕವಾಗಬೇಕಾದರೆ ಅದರೊಡನೆ ಸತ್ಯಶುದ್ಧಿಯೂ ದಾಸೋಹಬುದ್ಧಿಯೂ ಕೂಡಬೇಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಚಂದಯ್ಯನು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲ. ಈ ಪ್ರಸಂಗಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ, ತರುವಾಯ ಇತರರು ಪರಿಷ್ಕರಿಸಿದ ‘ಶೂನ್ಯಸಂಪಾದನೆ’ಗಳ ಪರಂಪರೆಯು ನಮಗೆ ಉಳಿಸಿಕೊಟ್ಟಿದೆ. ಮೊದಲನೆಯದರಲ್ಲಿ ಕಾಯಕದ ಮಿತಿಯೂ, ಎರಡನೆಯದರಲ್ಲಿ ಕಾಯಕದ ನಿಷ್ಠೆಯೂ ತೋರುವವು. ಲೋಭವು ಕೂಡಿದೊಡನೆ ಕಾಯಕವು ಬರಿಯ ಸಂಪಾದನೆಯಾಗುವದೆಂಬುದೇ ಲಕ್ಕಮ್ಮನ ಉಪದೇಶದ ಸಾರವು.

ಮುಂದಿನ ಶತಮಾನಗಳಲ್ಲಿ ಕುಶಲರಿಗೆ ಬೇರೆ ಬೇರೆ ನಾಡುಗಳ ಹೆಸರುಗಳೂ ಬಂದು ಸೇರಿದವು. ಬಹಮನಿ ಹಾಗೂ ಆದಿಲಶಾಹಿ ಅರಸರ ಕಾಲದಲ್ಲಿ ಪಾರಸಿ, ಅರಬ್ಬಿ ಮಾತುಗಳು ಆಡಳಿತದ ಮಾರ್ಗವಾಗಿ ಬಂದವು: ಬಟ್ಟೆ ಹೊಲಿಯುವ ಸಿಂಪಿಗನು ದರ್ಜಿಯಾದನು, ಗರಡಿಮನೆಯಲ್ಲಿ ಕುಸ್ತಿ ಕಲಿಸುವವನು ಉಸ್ತಾದನಾಗಿ, ಹಳ್ಳಿಯ ಬಾಯಲ್ಲಿ ವಸ್ತಾದನಾದನು, ‘ಕಸಬು’ ಎಂಬ ಪದವೂ ಅರಬ್ಬಿಯದೇ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರಿಂದ ‘ಮೇಸ್ತ್ರಿ’ ಬಂದನು. ಅವರ ನುಡಿಯಲ್ಲಿಯೂ ಆ ಪದದ ಅರ್ಥವು ಗುರು, ಕೆಲಸದಲ್ಲಿ ಹಿರಿಯ ಎಂಬುದೇ. ಓಜ, ಆಚಾರಿ, ಉಸ್ತಾದ, ಮೇಸ್ತ್ರಿ — ಬೇರೆ ಬೇರೆ ಕಡೆಗಳಿಂದ ಬಂದ ಪದಗಳು. ನಾಲ್ಕರಲ್ಲಿಯೂ ಕಲಿಸುವವನೂ ಕೆಲಸಗಾರನೂ ಒಂದಾಗಿರುವರು. ಮನುಷ್ಯಜಾತಿಯು ಯಾವ ದೇಶದಲ್ಲಿಯಾದರೂ ಕುಶಲನನ್ನು ಗುರುವೆಂದೇ ಅರಿತಿತ್ತೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿಯು.

ಆದರೆ ಪದಗಳಿಗೂ ಏಳುಬೀಳುಗಳುಂಟು. ವಿಜ್ಞಾನವಾಗಿದ್ದ ‘ಬಿನ್ನಾಣ’ವು ಇಂದು ವೈಯಾರಕ್ಕೆ, ತೋರಿಕೆಯ ನಟನೆಗೆ ಹೆಸರಾಗಿದೆ. ‘ರೂವಾರಿ’ಯು ರಾಜಕಾರಣದ ಭಾಷಣಗಳಲ್ಲಿ ಉಳಿದು ಶಿಲ್ಪಿಯನ್ನು ಬಿಟ್ಟುಹೋಗಿದೆ. ಅದಕ್ಕಿಂತ ವ್ಯಸನದ ಸಂಗತಿಯೆಂದರೆ, ಶರಣರು ಹೆಸರಿನ ಮುಂದೆ ಧರಿಸಿದ ಕಾಯಕದ ಪದಗಳಲ್ಲಿ ಕೆಲವನ್ನು ಇಂದಿಗೂ ಬೈಗುಳಾಗಿ ಬಳಸುವವರಿದ್ದಾರೆ. ಪ್ರಾತಃಕಾಲದಲ್ಲಿ ಹಡಪದ ಅಪ್ಪಣ್ಣನನ್ನು ಸ್ಮರಿಸಿದ ನಾಲಿಗೆಯಿಂದಲೇ ಸಾಯಂಕಾಲದಲ್ಲಿ ಕ್ಷೌರಿಕನ ವೃತ್ತಿಯನ್ನು ಹಳಿಯುವ ಮಾತು ಹೊರಟರೆ ಆ ಸ್ಮರಣೆಯ ಫಲವೇನು? ಸಮಗಾರ ಹರಳಯ್ಯನ ಚಿತ್ರಕ್ಕೆ ಹೂಮಾಲೆ ಹಾಕಿ, ಕೆರವು ಹೊಲಿಯುವವನನ್ನು ಹೊರಗೆ ನಿಲ್ಲಿಸಿದರೆ ನಾವು ಯಾರ ಸಂಪ್ರದಾಯದವರು? ಪರರನ್ನು ದೂಷಿಸಲು ಈ ಪ್ರಶ್ನೆಯಲ್ಲ. ಶರಣರ ಹೆಸರು ಹೇಳುವ ನಾವೆಲ್ಲರೂ, ಈ ಲೇಖಕನೂ ಸಹ, ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕ ಪ್ರಶ್ನೆಯಿದು.

ಕಳೆದುಹೋಗುತ್ತಿದ್ದ ಈ ಹೆಸರುಗಳನ್ನು ನಮಗಾಗಿ ಉಳಿಸಿದ ಮಹನೀಯರನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಜರ್ಮನಿಯಿಂದ ಬಂದ ಕಿಟ್ಟೆಲ್ ಪಂಡಿತರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಕಾವ್ಯಗಳ ಪದಗಳೊಡನೆ ಜನರ ಬಳಕೆಯ ಮಾತುಗಳನ್ನೂ ಸೇರಿಸಿದರು. ಲಿಂ. ಫ. ಗು. ಹಳಕಟ್ಟಿಯವರು ಮನೆ ಮನೆಗೆ ಅಲೆದು ಓಲೆಯ ಕಟ್ಟುಗಳನ್ನು ಸಂಪಾದಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು, ಸ್ವಂತ ಮನೆಯನ್ನು ಮಾರಿಯಾದರೂ ಮುದ್ರಣದ ಕೆಲಸವನ್ನು ನಡೆಯಿಸಿದರು. ವಕೀಲಿ ವೃತ್ತಿಯ ವಿದ್ಯಾವಂತರು ಕೊಟ್ಟಣದ ಸೋಮಮ್ಮನ, ಸೂಜಿಕಾಯಕದ ರಾಮಿತಂದೆಯ ಮಾತುಗಳಿಗಾಗಿ ತಮ್ಮ ಸರ್ವಸ್ವವನ್ನೂ ಸವೆಯಿಸಿದುದು ಅವರ ಕಾಯಕವೇ ಆಗಿದ್ದಿತು.

ಈ ಹೆಸರುಗಳು ಮತ್ತೆ ಗೌರವಕ್ಕೆ ಬರಲಾರವೆಂದು ನಿರಾಶರಾಗಬೇಕಾದ ಕಾರಣವಿಲ್ಲ. ತುಮಕೂರು ಜಿಲ್ಲೆಯ ಪಾವಗಡ ಸೀಮೆಯಲ್ಲಿ ಸಾವಿರಾರು ಹೆರಿಗೆಗಳನ್ನು ಫಲಾಪೇಕ್ಷೆಯಿಲ್ಲದೆ ಮಾಡಿಸಿದ ನರಸಮ್ಮ ತಾಯಿಗೆ 2018ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷದ ಕೊನೆಗೆ ಆಕೆ ಶಿವಾಧೀನರಾದರು. ನಾಡೆಲ್ಲವೂ ಆಕೆಯನ್ನು ಕರೆದುದು ‘ಸೂಲಗಿತ್ತಿ ನರಸಮ್ಮ’ ಎಂದೇ. ಹಿಂದೆ ಕಲ್ಯಾಣದಲ್ಲಿ ಹೆಸರಿನ ಮುಂದೆ ಕಾಯಕವು ನಿಂತಂತೆ, ನಮ್ಮ ಕಾಲದಲ್ಲಿಯೂ ಒಬ್ಬ ತಾಯಿಯ ಹೆಸರಿನ ಮುಂದೆ ಆಕೆಯ ಕೈಗುಣವು ಪ್ರಶಸ್ತಿಯಾಗಿ ನಿಂತಿತು.

ಶ್ರೀಮಠದ ಮಹೋತ್ಸವವೆಂದರೆ ನೂರಾರು ಕೈಗಳ ಕೆಲಸ. ತೇರಿನ ಗಾಲಿಯನ್ನು ಸರಿಪಡಿಸುವ ಬಡಿಗ, ಅಚ್ಚಿಗೆ ಪಟ್ಟಿ ಬಿಗಿಯುವ ಕಮ್ಮಾರ, ಚಪ್ಪರಕ್ಕೆ ಹಗ್ಗ ಕಟ್ಟುವವರು, ದಾಸೋಹದ ಮನೆಯಲ್ಲಿ ಬೆಳಗಿನ ಜಾವಕ್ಕೆ ಒಲೆ ಹೊತ್ತಿಸುವ ತಾಯಂದಿರು, ಸಂಬಾಳ ನುಡಿಸುವವರು — ಇವರೆಲ್ಲರ ಹೆಸರುಗಳೂ ಮಠದ ದಫ್ತರದಲ್ಲಿ ದಾನಿಗಳ ಹೆಸರುಗಳ ಪಕ್ಕದಲ್ಲಿ, ಅವರವರ ಕಾಯಕದೊಡನೆ ಬರೆಯಲ್ಪಡಲಿ ಎಂಬುದು ನಮ್ಮ ವಿನಮ್ರ ಸೂಚನೆಯು. ಪಟ್ಟದಕಲ್ಲಿನಲ್ಲಿ ರಾಣಿಯ ಹೆಸರಿನೊಡನೆ ಗುಂಡನ ಹೆಸರೂ ಉಳಿಯಿತು. ಶರಣರ ನಾಮಾವಳಿಯಲ್ಲಿ ಭಂಡಾರಿಯ ಪಕ್ಕದಲ್ಲಿಯೇ ಅಂಬಿಗನಿರುವನು. ಆ ಎರಡು ಮಾದರಿಗಳೂ ನಮ್ಮ ಮುಂದಿವೆ. ಕೈಯಲ್ಲಿ ಕುಶಲತೆಯನ್ನೂ ಮನಸ್ಸಿನಲ್ಲಿ ದಾಸೋಹವನ್ನೂ ಉಳ್ಳವರೆಲ್ಲರನ್ನೂ ಅವರ ಕಾಯಕದ ಹೆಸರಿನಿಂದ ಗೌರವದೊಡನೆ ಕರೆಯುವ ಬುದ್ಧಿಯನ್ನು ಪರಶಿವನು ನಮಗೆ ಕರುಣಿಸಲಿ. ಶ್ರೀಗುರುಕೃಪೆಯಿಂದ ಸರ್ವರಿಗೂ ಮಂಗಲವಾಗಲಿ.